ಪಾತ್ರದಲ್ಲಿಲ್ಲದ ಕಣ್ಣೀರು

ನಾಟಕದ ತಂಡದಲ್ಲಿದ್ದಷ್ಟು ವರ್ಷವೂ ಆಕೆಗೆ ಸಿಕ್ಕಿದ್ದು ಪಕ್ಕದ ಮನೆಯವಳ ಪಾತ್ರ, ಬಾಗಿಲು ತೆಗೆಯುವ ಕೆಲಸದವಳ ಪಾತ್ರ, ಒಮ್ಮೆ ಹೆಣದ ಪಾತ್ರ. ಹೆಣವಾಗಿ ಮಲಗಿದ್ದಾಗ ಸೀನಿಬಿಟ್ಟು ಚೆನ್ನಾಗಿ ಬೈಸಿಕೊಂಡಿದ್ದಳು. ತಂಡ ಮುಚ್ಚಿದ ಮೇಲೆ ತಂಗಿಯ ಮನೆ ಸೇರಿ, ಇನ್ನು ತನ್ನನ್ನು ಕೂತು ನೋಡುವವರು ಈ ಜನ್ಮದಲ್ಲಿ ಇಲ್ಲ ಎಂದು ಕೈಚೆಲ್ಲಿದ್ದಳು. ಅಂಥವಳಿಗೆ ಮುಖ್ಯಪಾತ್ರ ಕೊಟ್ಟದ್ದು ವಕೀಲರ ಮಂಡಳಿ ಎಂದರೆ ಯಾರು ನಂಬುತ್ತಾರೆ?

ಅದು ಆದದ್ದು ಹೀಗೆ. ಕಾನೂನು ಓದಿ ಮುಗಿಸಿದವರಿಗೆ ವಕೀಲಿ ಕಸುಬು ಕಲಿಸುವ ಶಾಲೆಯೊಂದಿತ್ತು. ಅಲ್ಲಿ ಪರೀಕ್ಷೆಯೆಂದರೆ ಬರೀ ಬರೆಯುವುದು. ಸೆಕ್ಷನ್ನುಗಳನ್ನು ಗಿಳಿಪಾಠ ಒಪ್ಪಿಸಿ ಸನ್ನದು ಪಡೆದವರು, ಎದುರಿಗೆ ಕಕ್ಷಿದಾರರು ಬಂದು ಕೂತರೆ ತಡಬಡಿಸುತ್ತಾರೆ, ಇಲ್ಲವೇ ಗೆಲ್ಲಿಸಿಯೇ ಬಿಡುತ್ತೇವೆಂದು ಬಾಯಿಗೆ ಬಂದಂತೆ ಮಾತು ಕೊಡುತ್ತಾರೆ ಎಂದು ಮಂಡಳಿಗೆ ದೂರಿನ ಮೇಲೆ ದೂರು. ಸನ್ನದು ಕೊಡುವ ಮಂಡಳಿ ಕೊನೆಗೆ ಪಟ್ಟು ಹಿಡಿಯಿತು. ಇನ್ನು ಮುಂದೆ ಕಕ್ಷಿದಾರರಂತೆ ನಟಿಸುವವರ ಜೊತೆ ಕೂತು ಮಾತಾಡಿ ಪಾಸಾಗದವರಿಗೆ ಸನ್ನದಿಲ್ಲ. ಆ ಪರೀಕ್ಷೆಗೆ ಅಂಕ ಕೊಡುವವರು ಪ್ರೊಫೆಸರುಗಳಲ್ಲ, ಕಕ್ಷಿದಾರರ ಪಾತ್ರ ಮಾಡಿದವರು. ಪ್ರೊಫೆಸರುಗಳು ಮೂಗು ಮುರಿದರು. ಮುರಿಯಲಿ, ಸನ್ನದು ಅವರ ಕೈಯಲ್ಲಿರಲಿಲ್ಲವಲ್ಲ.

ಆ ಪಾತ್ರಗಳಿಗೆ ನಟನೆ ಬಲ್ಲವರನ್ನು ಹುಡುಕಿದಾಗ ಆಕೆಗೆ ಸಿಕ್ಕಿದ್ದು ಗಂಡ ತೀರಿಕೊಂಡ ಹೆಂಗಸಿನ ಪಾತ್ರ. ಭಾವ ಮನೆ ಬಿಟ್ಟು ಹೋಗು ಎನ್ನುತ್ತಿದ್ದಾನೆ, ವಕೀಲರ ಹತ್ತಿರ ಬಂದಿದ್ದಾಳೆ. ಮಂಡಳಿಯ ಕಟ್ಟಪ್ಪಣೆ ಎರಡು. ಪ್ರತಿ ವಿದ್ಯಾರ್ಥಿಯ ಮುಂದೆಯೂ ಅದೇ ಮಾತು, ಅದೇ ದನಿ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಕೂಡದು. ತಪ್ಪಿದರೆ ಆ ಪರೀಕ್ಷೆ ರದ್ದು, ಪಾತ್ರ ಮಾಡಿದವರಿಗೆ ಗೇಟ್‌ಪಾಸ್. ಇನ್ನೊಂದು, ಗೆಲುವಿನ ಭರವಸೆ ಕೊಟ್ಟ ವಿದ್ಯಾರ್ಥಿ ಉಳಿದದ್ದೆಲ್ಲ ಎಷ್ಟೇ ಚೆನ್ನಾಗಿ ಮಾಡಿದರೂ ಫೇಲು.

ಸಂಜೆ ಅಡುಗೆಮನೆಯಲ್ಲಿ ತಂಗಿಯ ಮುಂದೆ ಪಾತ್ರ ಒಪ್ಪಿಸುತ್ತಿದ್ದಳು. "ನಿನ್ನ ಭಾವನ ಕಾಟ ಕೇಳಿ ಕೇಳಿ ಸಾಕಾಯ್ತು ಕಣಕ್ಕಾ, ಬಾಯಿ ಆಡಿಸ್ತಾ ಈ ಬೆಳ್ಳುಳ್ಳಿನಾದ್ರೂ ಸುಲಿ" ಎನ್ನುತ್ತಿದ್ದಳು ತಂಗಿ. ಶಾಲೆಯಲ್ಲಿ ಮಾತ್ರ ಆಕೆ ಎಲ್ಲರ ಬಾಯಲ್ಲೂ ಕಕ್ಷಿದಾರಮ್ಮ. ಆ ಹೆಸರು ಕೇಳಿದರೆ ಆಕೆಗೆ ಒಳಗೊಳಗೇ ಖುಷಿ.

ಆ ದಿನ ಬೆಳಿಗ್ಗೆ ಶಾಲೆಯ ಗುಮಾಸ್ತರು ಆಕೆಯನ್ನು ಪಕ್ಕಕ್ಕೆ ಕರೆದರು.

"ಮಂಡಳಿಯಿಂದ ಪರಿವೀಕ್ಷಕರು ಬಂದಿದಾರೆ. ಒಂದೊಂದೇ ಕೋಣೆ ನೋಡ್ಕೊಂಡು ಬರ್ತಾರೆ. ಬಂದ್ರೆ, ಅವರು ಅಲ್ಲಿ ಇಲ್ವೇ ಇಲ್ಲ ಅಂತ ತಿಳ್ಕೊಂಡು ಮಾಡಿ. ಇನ್ನೊಂದು ವಿಷ್ಯ, ನಿಮಗೆ ಹೇಳಬಾರದು, ಆದ್ರೂ ಹೇಳ್ತೀನಿ. ಕೊನೇಲಿ ಬರೋ ಹುಡುಗೀಗೆ ಇದೇ ಕಡೇ ಅವಕಾಶ. ಇವತ್ತೂ ಫೇಲಾದ್ರೆ ಸನ್ನದಿನ ಆಸೆ ಬಿಟ್ಟ ಹಾಗೆ."

ಹೇಳಬಾರದ್ದನ್ನು ಹೇಳಿ ಗುಮಾಸ್ತರೇನೋ ಹಗುರಾದರು, ಹೊರೆ ಆಕೆಯ ತಲೆಗೆ ಬಂತು.

ಮೊದಲು ಬಂದವರೆಲ್ಲರ ಮುಂದೆ ಪಾತ್ರ ಗೆರೆ ಎಳೆದಂತೆ ನಡೆಯಿತು. ಕೊನೆಯ ಹುಡುಗಿ ಬರುವ ಹೊತ್ತಿಗೆ ಸರಿಯಾಗಿ ಪರಿವೀಕ್ಷಕರು ಒಳಗೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತರು. ಕನ್ನಡಕ ಸರಿಮಾಡಿಕೊಂಡು, ಪೆನ್ನು ಹಿಡಿದು, ಆಕೆಯನ್ನೇ ನೋಡಿದರು. ಇಲ್ಲವೇ ಇಲ್ಲ ಎಂದು ತಿಳಿಯುವುದು ಹೇಗೆ? ಜನ್ಮವಿಡೀ ಕಾದದ್ದು ಅದಕ್ಕೇ ಅಲ್ಲವೇ?

ಹುಡುಗಿ ಕಿಟಕಿಯ ಬಿಸಿಲು ಆಕೆಯ ಮುಖಕ್ಕೆ ಹೊಡೆಯುವುದನ್ನು ನೋಡಿ ಪರದೆ ಎಳೆದಳು, ನೀರಿನ ಲೋಟ ಹತ್ತಿರ ಸರಿಸಿದಳು. "ಅವಸರ ಇಲ್ಲ ಅಮ್ಮ, ನಿಧಾನವಾಗಿ ಹೇಳಿ" ಎಂದಳು. ಆ ದಿನ ಯಾರೂ ಹಾಗೆ ಕೇಳಿರಲಿಲ್ಲ. ಎದುರಿಗೆ ಕೇಳುವವಳು, ಮೂಲೆಯಲ್ಲಿ ನೋಡುವವರು. ನಟಿಯ ಮನಸ್ಸು ಲಗಾಮು ಹರಿದುಕೊಂಡಿತು.

"ಆ ಮನೇಲೇ ನಾನು ಬಾಳಿದ್ದು." ಸುಮ್ಮನೆ ಹೇಳಿ ಮುಂದೆ ಹೋಗಬೇಕಿದ್ದ ಮಾತು. ಆಕೆ ಅರ್ಧಕ್ಕೆ ನಿಲ್ಲಿಸಿದಳು. ಮೇಜಿನ ಅಂಚನ್ನು ಬಾಗಿಲ ಚೌಕಟ್ಟೇನೋ ಎಂಬಂತೆ ಸವರಿದಳು. ಕಣ್ಣೀರು ಬಂದೇಬಿಟ್ಟಿತು. ಅಷ್ಟು ಚೆನ್ನಾಗಿ ಆಕೆ ಎಂದೂ ನಟಿಸಿರಲಿಲ್ಲ. ಪರಿವೀಕ್ಷಕರ ಪೆನ್ನು ನಿಂತದ್ದು ಕಡೆಗಣ್ಣಿಗೆ ಬಿತ್ತು, ಎದೆ ಹಿಗ್ಗಿತು.

ಹುಡುಗಿ ಆಕೆಯ ಕೈ ಹಿಡಿದುಕೊಂಡಳು. "ಅಳಬೇಡಿ ಅಮ್ಮ, ನಾನಿದೀನಿ. ಆ ಮನೆ ನಿಮ್ಮ ಕೈತಪ್ಪೋಕೆ ಬಿಡಲ್ಲ. ಕೇಸು ಗೆಲ್ಲಿಸೇ ಗೆಲ್ಲಿಸ್ತೀನಿ."

ಗೆಲುವಿನ ಭರವಸೆ! ಆಕೆ ಕೈ ಬಿಡಿಸಿಕೊಂಡಳು. ಹುಡುಗಿಗೂ ತಾನು ಆಡಿದ್ದು ಹೊಳೆದು ಮುಖ ಬಿಳಿಚಿಕೊಂಡಿತು. ಹೊತ್ತು ಮುಗಿದ ಗಂಟೆ ಹೊಡೆಯಿತು. ಅವಳು ಚೀಲ ಎತ್ತಿಕೊಂಡು, ಕುರ್ಚಿಯನ್ನು ಒಳಗೆ ಸರಿಸಿ, ಹೊರಗೆ ಹೋದಳು.

"ಮಾತು ಕೊಟ್ಟಳಲ್ಲ, ಫೇಲು ಅಂತ ಬರೀರಿ" ಎಂದರು ಪರಿವೀಕ್ಷಕರು. ಆಮೇಲೆ ಮೆತ್ತಗೆ, "ತುಂಬಾ ಚೆನ್ನಾಗಿ ಮಾಡಿದ್ರಿ ಅಮ್ಮ. ಎಲ್ಲರ ಮುಂದೂ ಹೀಗೇ ಮಾಡ್ತೀರಲ್ವಾ?"

ಹೌದು ಎಂದರೆ ಮುಗಿಯಿತು. ಉಳಿದವರ ಮುಂದೆ ಮಾಡಿದ್ದನ್ನು ಕಂಡವರು ಯಾರೂ ಇಲ್ಲ. ನಾಳೆಯೂ ಈ ಕುರ್ಚಿ ತನ್ನದೇ, ಹೊಗಳಿದ್ದನ್ನು ತಂಗಿಗೆ ಹೇಳಿಕೊಂಡು ಮೆರೆಯಬಹುದು. ಹುಡುಗಿ ಸರಿಸಿಟ್ಟ ಲೋಟ ಕಣ್ಣೆದುರಿಗೇ ಇತ್ತು, ಕುಡಿಯಲು ಕೈ ಬರಲಿಲ್ಲ.

"ಇಲ್ಲ ಸರ್. ಬೇರೆ ಯಾರ ಮುಂದೂ ಅಳಲಿಲ್ಲ. ನೀವು ನೋಡ್ತಾ ಇದ್ರಿ ಅಂತ ಅತ್ತೆ."

ಪರಿವೀಕ್ಷಕರು ಕನ್ನಡಕ ತೆಗೆದರು. "ನಿಜವಾದ ಕಕ್ಷಿದಾರರೂ ಅಳ್ತಾರಮ್ಮ."

"ಅಳ್ತಾರೆ. ಆದ್ರೆ ಅಳೋದಾದ್ರೆ ಎಲ್ಲರ ಮುಂದೂ ಅಳಬೇಕಿತ್ತು ಸರ್. ಆ ಮಗು ಒಬ್ಬಳನ್ನೇ ಹಳ್ಳಕ್ಕೆ ತಳ್ಳಿದ ಹಾಗಾಯ್ತು."

"ಇದಕ್ಕೆ ನಿಮಗೇನಾಗುತ್ತೆ ಗೊತ್ತಲ್ವಾ?"

"ಗೊತ್ತು" ಎಂದಳು.

ಬೆಳಗಿನ ಪರೀಕ್ಷೆ ರದ್ದಾಗಿ, ಮಧ್ಯಾಹ್ನ ಹುಡುಗಿಯನ್ನು ಪಕ್ಕದ ಕೋಣೆಯಲ್ಲಿ ಕಕ್ಷಿದಾರರ ಪಾತ್ರ ಮಾಡುವ ಬೇರೊಬ್ಬರ ಮುಂದೆ ಕೂರಿಸಿದರು. ಗುಮಾಸ್ತರು ಮನೆಗೆ ಹೋಗಿ ಎಂದರೂ ಆಕೆ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಮುಚ್ಚಿದ ಬಾಗಿಲನ್ನು ನೋಡುತ್ತ ಸೆರಗಿನ ಅಂಚು ಹಿಂಡುತ್ತ ಕೂತಳು. ಕೊನೆಗೂ ಬಾಗಿಲು ತೆರೆದಾಗ ಹುಡುಗಿಯ ಮುಖವನ್ನೇ ನೋಡಿದಳು.

"ಪಾಸಾದೆ ಅಮ್ಮ" ಎಂದು ಹುಡುಗಿ ಪಕ್ಕದಲ್ಲೇ ಕುಸಿದು ಕೂತಳು. "ಗುಮಾಸ್ತರು ಎಲ್ಲಾ ಹೇಳಿದ್ರು."

ಆ ಮನುಷ್ಯನ ಬಾಯಲ್ಲಿ ಏನು ತಾನೇ ನಿಲ್ಲುತ್ತದೆ? ಆಕೆ ನಕ್ಕಳು. ಆದರೆ ತನ್ನ ಕೋಣೆಯ ಬಾಗಿಲಿಗೆ ಆಗಲೇ ಬೀಗ ಬಿದ್ದಿರುವುದು ಕಂಡು ನಗು ಹಿಂದಕ್ಕೆ ಹೋಯಿತು.

"ನನ್ನನ್ನ ಮತ್ತೆ ಕರೀತಾರೇನಮ್ಮಾ?"

ಹುಡುಗಿ ಬಾಯಿ ತೆರೆದಳು. 'ಖಂಡಿತ' ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದದ್ದು ಆಕೆಗೆ ಕಾಣಿಸಿತು. ಅದು ತನ್ನ ಕಿವಿಗೆ ಬೀಳಲಿ ಎಂದು ಜೀವ ಹಂಬಲಿಸಿತು. ಹುಡುಗಿ ಅದನ್ನು ನುಂಗಿಕೊಂಡಳು.

"ಹೇಳೋಕಾಗಲ್ಲ ಅಮ್ಮ. ಮಂಡಳಿಗೆ ಅರ್ಜಿ ಬರೆದುಕೊಡ್ತೀನಿ, ಜೊತೇಲಿ ಬರ್ತೀನಿ. ಏನಾಗುತ್ತೋ ನನಗೆ ಗೊತ್ತಿಲ್ಲ."

"ಹಾಗೇ ಹೇಳಬೇಕು ಮಗು" ಎಂದಳು ಆಕೆ. ಈ ಸಲ ಬಂದ ಕಣ್ಣೀರನ್ನು ಗೋಡೆಯ ಕಡೆ ತಿರುಗಿ, ಯಾರಿಗೂ ಕಾಣದ ಹಾಗೆ ಒರೆಸಿಕೊಂಡಳು.