ನದಿದಂಡೆಯ ಗೂಡಿನಲ್ಲಿ ಕಂಡದ್ದು

ಶಕುನ, ದರ್ಶನ ಎಂದರೆ ನಕ್ಕುಬಿಡುವವಳು ನಾನು. ಈಗಲೂ ನಗುತ್ತೇನೆ, ಮೊದಲಿನಷ್ಟು ಜೋರಾಗಿ ಅಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಅರೋರಾದ ನಮ್ಮ ಮನೆಯ ಹತ್ತಿರ, ನದಿದಂಡೆಯ ಮರದಲ್ಲಿ ಬಾಲ್ಡ್ ಈಗಲ್ ಎಂಬ ಬಿಳಿ ತಲೆಯ ದೊಡ್ಡ ಹದ್ದಿನ ಜೋಡಿಯೊಂದು ಗೂಡು ಕಟ್ಟಿತ್ತು. ನಾನು ಅದನ್ನು ನೋಡಿಕೊಳ್ಳುವ ವಾಲಂಟಿಯರ್. ಕೆಲಸ ಇಷ್ಟೇ: ದೂರದಲ್ಲಿ ಕಾರು ನಿಲ್ಲಿಸಿ, ಒಳಗೇ ಕೂತು, ದುರ್ಬೀನಿನಲ್ಲಿ ನೋಡುವುದು. ಹತ್ತಿರ ಹೋದರೆ ಕಾವಿಗೆ ಕೂತ ತಾಯಿ ಎದ್ದು ಹಾರುತ್ತದೆ. ಆ ಚಳಿಯಲ್ಲಿ ಮೊಟ್ಟೆ ಉಳಿಯುವುದಿಲ್ಲ.

ಮಾರ್ಚ್‌ನ ಒಂದು ಭಾನುವಾರ ಬೆಳಿಗ್ಗೆ, ಮೈಸೂರಿನಿಂದ ಬಂದಿದ್ದ ಅತ್ತೆ, ಅಂದರೆ ನನ್ನ ಗಂಡನ ತಾಯಿ, ಜೊತೆಗಿದ್ದರು. ಊರಿನಲ್ಲಿ ಭಾನುವಾರ ಗರುಡನನ್ನು ನೋಡದೆ ಅವರು ಕಾಫಿ ಕುಡಿಯುವವರಲ್ಲ. ಬಿಳಿ ತಲೆ ಕಂಡದ್ದೇ ತಡ, ಕೆನ್ನೆ ತಟ್ಟಿಕೊಂಡರು.

“ಕೃಷ್ಣ ಕೃಷ್ಣ! ಇಲ್ಲೂ ಗರುಡ ಇದಾನಲ್ಲೇ!”

“ಅಯ್ಯೋ ಅತ್ತೆ, ಇದು ಬೇರೆ ಹಕ್ಕಿ. ಗರುಡನಿಗೆ ಎದೇನೂ ಬೆಳ್ಳಗಿರತ್ತೆ, ಇದಕ್ಕೆ ತಲೆ, ಬಾಲ ಅಷ್ಟೇ. ಈ ದೇಶಕ್ಕೆ ಗರುಡ ಎಲ್ಲಿಂದ ಬರ್ಬೇಕು?”

“ಆಯ್ತಮ್ಮ, ನೀನು ಓದಿದೋಳು” ಎಂದು ಮುಖ ತಿರುಗಿಸಿದರು.

ಅಷ್ಟರಲ್ಲಿ ಯಾರದೋ ನಾಯಿ ಚೈನು ಬಿಡಿಸಿಕೊಂಡು ಬಂದು ಮರದ ಬುಡದಲ್ಲಿ ಬೊಗಳತೊಡಗಿತು. ತಾಯಿ ಹಾರಿತು. ಒಡೆಯ ಬಂದು ನಾಯಿಯನ್ನು ಎಳೆದುಕೊಂಡು ಹೋದ ಮೇಲೂ ಅದು ಇಳಿಯಲಿಲ್ಲ. ಗಂಡಿನ ಜೊತೆ ನದಿಯ ಮೇಲೆ ಸುತ್ತುತ್ತಲೇ ಇತ್ತು. ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನಮ್ಮೂರಿನ ಲೆಕ್ಕದಲ್ಲಿ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಇಳಿದು ಓಡಿದರೆ ಅವು ಇನ್ನೂ ಬೆದರುತ್ತವೆ, ಸುಮ್ಮನಿದ್ದರೆ ಮೊಟ್ಟೆ ಹೆಪ್ಪುಗಟ್ಟುತ್ತದೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಡೋರಿನ ಹಿಡಿ ಹಿಡಿಯುವುದು, ಬಿಡುವುದು. ಸಂಕಟಕ್ಕೆ ಅಳುವೇ ಬಂತು. ಪಕ್ಕದಲ್ಲಿ ಅತ್ತೆ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದರು.

ದುರ್ಬೀನು ಎತ್ತಿದೆ. ಗೂಡಿನಲ್ಲಿ ಹಕ್ಕಿ ಕೂತಿತ್ತು! ಆಕಾಶ ನೋಡಿದೆ, ಎರಡೂ ಅಲ್ಲೇ ಸುತ್ತುತ್ತಿವೆ. ಮತ್ತೆ ಗೂಡು ನೋಡಿದೆ. ಸಣ್ಣ ಹಕ್ಕಿ, ಬಿಳಿ ತಲೆ, ಇಟ್ಟಿಗೆ ಬಣ್ಣದ ರೆಕ್ಕೆ. ತಾಯಿ ಮರಳಿ ಇಳಿಯುವವರೆಗೂ ಅದು ಅಲ್ಲಾಡಲಿಲ್ಲ. ತಾಯಿ ಕೂತಾಗ ಗೂಡಿನಲ್ಲಿ ಬೇರೆ ಯಾರೂ ಇರಲಿಲ್ಲ. ಹಾರಿಹೋದದ್ದನ್ನೂ ನಾನು ಕಾಣಲಿಲ್ಲ.

ಏಪ್ರಿಲ್‌ನಲ್ಲಿ ಎರಡು ಮರಿಗಳು ತಲೆ ಎತ್ತಿದವು. ಮೂರನೆಯ ಈಗಲ್ ಇರಬಹುದೇ, ಗಾಜಿನ ಮೇಲೆ ಮಂಜಿತ್ತೇ, ಕಣ್ಣೀರಿಗೆ ಹಾಗೆ ಕಂಡಿತೇ ಎಂದೆಲ್ಲ ಯೋಚಿಸಿದ್ದೇನೆ. ಮನಸ್ಸು ಒಂದನ್ನೂ ಒಪ್ಪುವುದಿಲ್ಲ.

ಕಂಡದ್ದನ್ನು ಅತ್ತೆಗೆ ನಾನು ಹೇಳಿರಲಿಲ್ಲ. ಅವರು ಕಣ್ಣನ್ನೇ ತೆರೆದಿರಲಿಲ್ಲ. ಆದರೂ ಆ ಭಾನುವಾರ ನಾನು ಮನೆಗೆ ಡ್ರೈವ್ ಮಾಡುವಾಗ ಸಿಗ್ನಲ್‌ನಲ್ಲಿ ಮೆಲ್ಲಗೆ ಕೇಳಿದರು:

“ಎದೇನೂ ಬೆಳ್ಳಗಿತ್ತೇನೇ?”

ಬೆಳ್ಳಗಿತ್ತು.