ಹದಿನೇಳರೊಳಗಿನವರು

ನನ್ನ ಅಣ್ಣನಿಗೆ ಫುಟ್‌ಬಾಲ್ ಗೊತ್ತಿಲ್ಲ. ಗೊತ್ತಿಲ್ಲದ್ದರ ಬಗ್ಗೆ ಗಂಟಲು ಹರಿಯುವಂತೆ ಮಾತಾಡುವುದು ಮಾತ್ರ ಚೆನ್ನಾಗಿ ಗೊತ್ತು. ಆ ಬೇಸಿಗೆಯಲ್ಲಿ ಮೋರಟಗಿಯ ಅವನ ಮನೆಯ ಟೀವಿಯಲ್ಲಿ ಆಫ್ರಿಕಾ ದೇಶಗಳ ಹದಿನೇಳರೊಳಗಿನ ಹುಡುಗರ ಪಂದ್ಯಾವಳಿ ನಡೆಯುತ್ತಿತ್ತು. ಹಚ್ಚಿದವಳು ಅವನ ಮಗಳು. ಶಾಲೆಯ ತಂಡದಲ್ಲಿ ಆಡುವವಳು, ಹತ್ತನೇ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದಳು. ಮೊಬೈಲನ್ನು ಟೀವಿಗೆ ಜೋಡಿಸಿ ನೆಲದ ಮೇಲೆ ಕೂತು ಕಣ್ಣು ಕೀಳದೆ ನೋಡುತ್ತಿದ್ದಳು. ಅಣ್ಣ ಮಂಚದ ಮೇಲೆ ಕಾಲು ಚಾಚಿ ತಂಬಾಕು ತಿಕ್ಕುತ್ತಿದ್ದ.

"ಇವ್ರು ಹದಿನೇಳರೊಳಗಿನವ್ರಂತ. ಲಗ್ನಾಗಿ ಎರಡೆರಡ ಮಕ್ಕಳದಾವ ಇವ್ಕ. ಮೀಸಿ ನೋಡು, ತೊಡಿ ನೋಡು. ಕಾಗದ ಸುಳ್ಳು ಹೇಳತೈತಿ, ಮೈ ಹೇಳಂಗಿಲ್ಲ," ಎಂದ.

ನನಗೆ ಮೈ ಉರಿಯಿತು. ನಾನು ಬಸ್ ಕಂಡಕ್ಟರ್. ಇಂಡಿ, ಸಿಂದಗಿ, ದೇವರ ಹಿಪ್ಪರಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ಅಂತ ತಿರುಗುತ್ತ ವಯಸ್ಸಿನ ಸುಳ್ಳು ಕೇಳಿಯೇ ನನ್ನ ಅರ್ಧ ನೌಕರಿ ಮುಗಿದಿದೆ. ಮೀಸೆ ಚಿಗುರುತ್ತಿರುವ ಮಗನ ತಲೆಯನ್ನು ಕೆಳಗೆ ಒತ್ತಿ "ಇನ್ನ ಹನ್ನೊಂದ್ರಿ ಅಕ್ಕಾರ" ಎನ್ನುವವರನ್ನು ದಿನಾ ನೋಡುತ್ತೇನೆ. ಈಗ ಹೆಣ್ಣುಮಕ್ಕಳಿಗೆ ದುಡ್ಡಿನ ಟಿಕೀಟಿಲ್ಲ, ಹಾಗಾಗಿ ಬಸ್ಸಿನ ಬಾಗಿಲಲ್ಲಿ ಅವರ ವಯಸ್ಸಿನ ಬಗ್ಗೆ ಯಾರೂ ಸುಳ್ಳು ಹೇಳುವುದಿಲ್ಲ. ಟಿಕೀಟಿದ್ದ ಕಾಲದಲ್ಲಿ ಇದೇ ಅಣ್ಣ ಇದೇ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನನ್ನದೇ ಬಸ್ಸಿನಲ್ಲಿ ನನಗೇ, ಟಿಕೀಟು ತಪ್ಪಿಸಲು, "ಐದು" ಎಂದಿದ್ದ. ಅವಳು ಹುಟ್ಟಿದಾಗ ಮೊದಲು ಎತ್ತಿಕೊಂಡವಳು ನಾನು. ಆರು ದಾಟಿತ್ತು, ಅರ್ಧ ಟಿಕೀಟು ಹರಿದು ಕೈಗಿತ್ತೆ. ಅಂದು ಮಾತು ಬಿಟ್ಟವನು ದೀಪಾವಳಿಗೇ ಮತ್ತೆ ಮಾತಾಡಿದ್ದು.

ಅಪ್ಪನ ಮಾತಿಗೆ ಹುಡುಗಿ ತಿರುಗಿ ಹೇಳಿದಳು. "ಹಂಗ ಬಿಡಂಗಿಲ್ಲಪ್ಪಾ ಅವ್ರನ್ನ. ಮುಂಗೈ ಸ್ಕ್ಯಾನ್ ಮಾಡ್ತಾರ. ಎಲುಬು ಪೂರ್ತಿ ಕೂಡಿದ್ರ ವಯಸ್ಸ ದಾಟೇತಂತ ಆಡಾಕ ಬಿಡಂಗಿಲ್ಲ, ಮನಿಗೆ ಕಳಸ್ತಾರ."

"ಅದೂ ಸುಳ್ಳ," ಎಂದು ಅಣ್ಣ ತಂಬಾಕು ಬಾಯಿಗೆ ಹಾಕಿಕೊಂಡ. ಆಮೇಲೆ ಅದೇ ದನಿಯಲ್ಲಿ, "ರವಿವಾರ ನಾಲತವಾಡದಿಂದ ಕನ್ಯಾ ನೋಡಾಕ ಬರ್ತಾರ," ಎಂದ.

"ಯಾರನ್ನ ನೋಡಾಕ?" ಎಂದೆ.

"ಈ ಮನ್ಯಾಗ ಎಷ್ಟ ಕನ್ಯಾ ಅದಾವ?"

ಹುಡುಗಿ ಟೀವಿಯಿಂದ ಮುಖ ತಿರುಗಿಸಲಿಲ್ಲ. ಆದರೆ ಆಟ ನೋಡುತ್ತಿಲ್ಲವೆಂದು ಅವಳ ಬೆನ್ನು ನೋಡಿದರೇ ತಿಳಿಯುತ್ತಿತ್ತು. ಅವಳಿಗೆ ಹದಿನಾರು ತುಂಬಿರಲಿಲ್ಲ. ಸಿಂದಗಿಯಲ್ಲಿ ಪಿಯುಸಿಗೆ ಸೇರಬೇಕು, ಅಲ್ಲಿಯ ಮೈದಾನದಲ್ಲಿ ಆಡಬೇಕು ಎಂದು ಪರೀಕ್ಷೆಗೂ ಮುಂಚೆಯೇ ನನ್ನಿಂದ ಬೂಟು ಕೊಡಿಸಿಕೊಂಡಿದ್ದಳು.

"ತಲಿ ನೆಟ್ಟಗೈತೋ ಇಲ್ಲೋ ನಿಂದು? ಕೂಸದು," ಎಂದೆ.

"ಎಲ್ಲಿ ಕೂಸು? ನನ್ನ ಭುಜಕ್ಕ ಬಂದಾಳ. ನೋಡಿದವ್ರು ಇಪ್ಪತ್ತಂತಾರ. ಚಡ್ಡಿ ಹಾಕ್ಕೊಂಡು ಓಡ್ಯಾಡೂದು ಊರ ಮಂದಿಯೆಲ್ಲಾ ನೋಡ್ತೈತಿ. ಅವ್ರದು ಕೆನಾಲಿನ ಹೊಲ, ಚಲೋ ಮನಿತನ. ಕೈ ಬಿಟ್ರ ಮತ್ತ ಸಿಗಂಗಿಲ್ಲ."

ಮಕ್ಕಳ ಸಹಾಯವಾಣಿಗೆ ಫೋನ್ ಮಾಡುತ್ತೇನೆ ಎಂದೆ. "ಮಾಡು. ಗಂಡನ ಮನಿ ಬಿಟ್ಟು ಬಂದಾಕಿ ನನ್ನ ಮಗಳ ಸಂಸಾರದ ಮಾತಾಡಬ್ಯಾಡ. ಫೋನ್ ಹಚ್ಚಿದ ದಿನದಿಂದ ನೀ ನನ್ನ ತಂಗಿ ಅಲ್ಲ," ಎಂದ. ನಾನೂ ಸುಮ್ಮನಿರುವವಳಲ್ಲ. ಓಣಿಗೆ ಕೇಳುವಂತೆ ಜಗಳವಾಡಿದೆವು. ವೈನಿ, ಅಂದರೆ ಅಣ್ಣನ ಹೆಂಡತಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಲೇ ಇದ್ದಳು. ಅವಳ ಮೇಲೂ ನನಗೆ ಸಿಟ್ಟಿತ್ತು. ಹೆತ್ತವಳಿಗೆ ಬಾಯಿ ಬೇಡವೇ?

ಬಸ್‌ಸ್ಟ್ಯಾಂಡಿನವರೆಗೆ ಕಳಿಸಲು ಬಂದ ಹುಡುಗಿ ನನ್ನ ಕೈ ಹಿಡಿದಳು. "ಅತ್ತೀ, ಈಗ ಫೋನ್ ಹಚ್ಚಬ್ಯಾಡ. ಮೊದ್ಲ ನಾ ಮಾತಾಡ್ತೇನಿ. ಆಗ್ಲಿಲ್ಲಂದ್ರ ಹಚ್ಚು. ರವಿವಾರ ಮಾತ್ರ ನೀ ಬಾ."

ರಜೆ ಹಾಕಿ ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಅಣ್ಣನ ಮುಖ ಕಪ್ಪಿಟ್ಟಿತು. ಬೀಗರಾಗುವವರ ಎದುರು ಹೊರಗೆ ಹೋಗೆನ್ನಲಾಗದೆ "ನನ್ನ ತಂಗಿ" ಎಂದು ಪರಿಚಯಿಸಿದ. ಅವರು ಮೂವರು: ವರ, ಅವನ ತಾಯಿ, ಅವನ ಕಾಕಾ. ವರ ಮೊಬೈಲಿನಿಂದ ತಲೆ ಎತ್ತಲಿಲ್ಲ. ಕಾಕಾ ಉಪ್ಪಿಟ್ಟು ತಿನ್ನುತ್ತ ಕೇಳಿದ, "ವಯಸ್ಸಿಂದೇನೂ ತಕರಾರಿಲ್ಲಲ್ಲರಿ? ಮುಂದ ಕೇಸು ಗೀಸು ಅಂದ್ರ ನಮಗಾಗಂಗಿಲ್ಲ."

"ಹದಿನೆಂಟು ತುಂಬ್ಯಾವ್ರಿ. ಸಾಲಿಗೆ ತಡಾ ಮಾಡಿ ಹಾಕೀವಿ," ಎಂದ ಅಣ್ಣ. ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಐದು ಎಂದ ಅದೇ ನಾಲಿಗೆ.

ಟೀವಿ ಹಾಗೇ ನಡೆದಿತ್ತು. ಯಾರೋ ಹಸಿರು ಅಂಗಿಯವರು, ಯಾರೋ ಬಿಳಿ ಅಂಗಿಯವರು. ಕಾಕಾನ ಕಣ್ಣು ಆ ಕಡೆ ಹೋದದ್ದೇ ತಡ, ಅಣ್ಣ ಮತ್ತೆ ಶುರುಮಾಡಿದ. ಮೀಸೆ, ತೊಡೆ, ಎರಡೆರಡು ಮಕ್ಕಳು. ಕಾಕಾ ಹೊಟ್ಟೆ ಹಿಡಿದು ನಕ್ಕ. ಅಷ್ಟು ದೂರದ ಆ ಹುಡುಗರು ಇವರಿಗೇನು ಅನ್ಯಾಯ ಮಾಡಿದ್ದರೋ. ನನ್ನ ಕೈ ಬ್ಯಾಗಿನೊಳಗೆ ಫೋನಿನ ಮೇಲಿತ್ತು.

ಹುಡುಗಿ ಸೀರೆಯುಟ್ಟು ಚಹಾ ತಂದಿಟ್ಟಳು. ವರನ ತಾಯಿ ಅವಳನ್ನು ಹತ್ತಿರ ಕೂರಿಸಿಕೊಂಡು, ಮುಂಗೈ ಹಿಡಿದು ತಿರುಗಿಸಿ ನೋಡಿದಳು. "ಎಷ್ಟರ ಬಳಿ ಹಿಡಸ್ತಾವವಾ ನಿನಗ?"

ಹುಡುಗಿ ಕೈ ಬಿಡಿಸಿಕೊಳ್ಳಲಿಲ್ಲ. "ಚಲೋ ಮಾಡಿ ನೋಡ್ರಿ ಅವ್ವಾರ," ಎಂದಳು. "ಅಲ್ಲಿ ಆಡಾಕತ್ತಾರಲ್ಲ, ಅವ್ರದೂ ಇದನ್ನ ನೋಡ್ತಾರ. ನಮ್ಮಪ್ಪಗ ಕಾಗದದ ಮ್ಯಾಲ ನಂಬಿಗಿ ಇಲ್ಲರಿ. ನನಗೂ ಸ್ಕ್ಯಾನ್ ಮಾಡಸ್ರಿ. ಎಲುಬು ಕೂಡಿದ್ರ ಬಳಿ ತೊಡಸ್ರಿ. ಕೂಡಿಲ್ಲಂದ್ರ ನಾ ಆಡಾಕ ಹೋಗ್ತೇನಿ."

ವರ ಮೊದಲ ಸಲ ಮೊಬೈಲಿನಿಂದ ತಲೆ ಎತ್ತಿದ.

"ಖರೇ ಎಷ್ಟವಾ ನಿನ್ನ ವಯಸ್ಸು?" ಎಂದು ಆ ತಾಯಿ ಕೇಳಿದಳು.

"ಹದಿನಾರು ತುಂಬಿಲ್ಲರಿ."

ಅಣ್ಣ ಎದ್ದು ನಿಂತ. "ಸುಳ್ಳ ಹೇಳತೈತಿ ಹುಡುಗಿ," ಎಂದ. ಆಗ ನಾನು ಬಾಯಿಬಿಟ್ಟೆ. "ಬಸ್ಸಿನ್ಯಾಗ ಐದು, ಪಡಸಾಲ್ಯಾಗ ಹದಿನೆಂಟು. ಅರ್ಧ ಟಿಕೀಟು ಹರದಾಕಿ ಇಲ್ಲೇ ಕುಂತೇನಿ. ಲಗ್ನಕ್ಕ ಹೂಂ ಅನ್ರಿ, ಈಗ ಮಕ್ಕಳ ಸಹಾಯವಾಣಿಗೆ ಫೋನ್ ಹಚ್ತೇನಿ," ಎಂದು ಮೊಬೈಲು ತೆಗೆದು ತೋರಿಸಿದೆ. ಕಾಕಾ ತಟ್ಟೆ ಕೆಳಗಿಟ್ಟ. ಆ ತಾಯಿ ಹುಡುಗಿಯ ಮುಂಗೈಯನ್ನು ಮೆಲ್ಲಗೆ ಅವಳ ತೊಡೆಯ ಮೇಲಿಟ್ಟು ಸೆರಗು ಸರಿಮಾಡಿಕೊಂಡಳು. ಚಹಾ ಕುಡಿಯದೆ ಹೊರಟರು.

ಅಣ್ಣ ನನ್ನನ್ನು ಏನೆಲ್ಲ ಬೈದನೆಂದು ಬರೆಯಲು ಮನಸ್ಸಿಲ್ಲ. ಬೈದು ಬೈದು ಏದುಸಿರು ಹತ್ತಿ ಮಂಚದ ಮೇಲೆ ಕೂತ. ಅಷ್ಟರಲ್ಲಿ ಆಟ ಮುಗಿದಿತ್ತು. ಸೋತ ತಂಡದ ಎತ್ತರದ ಹುಡುಗನೊಬ್ಬ, ಅಣ್ಣ ಎರಡೆರಡು ಮಕ್ಕಳಿವೆ ಎಂದಿದ್ದವರಲ್ಲೊಬ್ಬ, ಮೈದಾನದಲ್ಲಿ ಕುಕ್ಕರಗಾಲಲ್ಲಿ ಕೂತು, ಅಂಗಿಯಿಂದ ಮೂಗು ಒರೆಸಿಕೊಳ್ಳುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ವೈನಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅಂದು ಅವಳ ಬಾಯಿಂದ ಬಂದದ್ದು ಅದೊಂದೇ ಮಾತು. "ಕೂಸೈತ್ರಿ ಅದು," ಎಂದಳು. ಯಾರನ್ನು ಅಂದದ್ದು ಎಂದು ಅಣ್ಣ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಗೆ ಹೋದ.

ಕೇಸಿನ ಮಾತು ಹಬ್ಬಿ ಆಮೇಲೆ ಯಾರೂ ಕನ್ಯೆ ನೋಡಲು ಬರಲಿಲ್ಲ. ಈಗ ಹುಡುಗಿ ಸಿಂದಗಿಯಲ್ಲಿ ಓದುತ್ತಾಳೆ. ಕೆಲವು ಸಂಜೆ ನನ್ನ ಬಸ್ಸಿಗೇ ಬರುತ್ತಾಳೆ, ಬೂಟಿನ ಮಣ್ಣು ಕೊಡವಿ ಹತ್ತು ಅಂತ ಬೈಯುತ್ತೇನೆ. ಅಣ್ಣ ನನ್ನ ಜೊತೆ ಮಾತು ಬಿಟ್ಟಿದ್ದಾನೆ, ಈ ಸಲ ದೀಪಾವಳಿಯೂ ಹೋಯಿತು. ಮೊನ್ನೆ ದೇವರ ಹಿಪ್ಪರಗಿಯ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಬಸ್ಸಿಗೆ ಓಡಿ ಬಂದವನು ಬಾಗಿಲಲ್ಲಿ ನನ್ನನ್ನು ನೋಡಿ ನಿಂತುಬಿಟ್ಟ. ಬಿಸಿಲು ಸುಡುತ್ತಿತ್ತು, ಮುಂದಿನ ಬಸ್ಸು ಬೇಗ ಇರಲಿಲ್ಲ. ಹತ್ತುತ್ತಾನೇನೋ ಎಂದು ಒಂದು ಗಳಿಗೆ ಕಾದೆ. ಅವನು ಮುಖ ಆ ಕಡೆ ತಿರುಗಿಸಿದ.

ನಿಲ್ಲಲಿ. "ರೈಟ್" ಎಂದೆ.