ಸದ್ದಿಲ್ಲದೆ ಬಡಿಸಿದ ಊಟ

೨೦೦೬ರಲ್ಲಿ ನಾನು ಎರ್ನಾಕುಲಂನ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗಕ್ಕೆ ಕಾರ್ಯದರ್ಶಿಯಾಗಿದ್ದೆ. ಸಂಬಳವಿಲ್ಲದ ಹುದ್ದೆ. ಯಜಮಾನರದು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕೆಲಸ. ಮೈಸೂರಿನಿಂದ ವರ್ಗವಾಗಿ ಬಂದು ವೈಟ್ಟಿಲ ಜಂಕ್ಷನ್ನಿನ ಹತ್ತಿರ ಬಾಡಿಗೆ ಫ್ಲ್ಯಾಟ್ ಹಿಡಿದಿದ್ದೆವು. ಕಾನ್ವೆಂಟಿನಲ್ಲಿ ಕಲಿತ ದುಂಡಗಿನ ಅಕ್ಷರ, ಇಂಗ್ಲಿಷಿನಲ್ಲಿ ಪತ್ರ ಬರೆಯುವ ಅಭ್ಯಾಸ, ಇವೆರಡನ್ನು ನೋಡಿಯೇ ನನಗೆ ಆ ಕೆಲಸ ಒಪ್ಪಿಸಿದ್ದರು. ಅಲ್ಲಿಯವರೆಗೆ ನಾನು ನಡೆಸಿದ್ದು ರಂಗೋಲಿ ಸ್ಪರ್ಧೆ ಮತ್ತು ನವರಾತ್ರಿಯ ಗೊಂಬೆ ಕೂರಿಸುವುದು, ಅಷ್ಟೆ. ಆ ವರ್ಷ ಸಂಘದವರು ಅಂಧತ್ವದ ಬಗ್ಗೆ ತಿಳಿವಳಿಕೆ ಮೂಡಿಸಲು ಒಂದು ಸಹಾಯಾರ್ಥ ಕಾರ್ಯಕ್ರಮ ಮಾಡಬೇಕೆಂದರು. ಅದರ ಹೊಣೆ ನನ್ನ ಮೇಲೆ ಬಿತ್ತು.

ಇದಕ್ಕೆ ಕಾರಣ ತಿರುವನಂತಪುರದ ಒಂದು ಹಾಸ್ಟೆಲು. ಕಣ್ಣು ಕಾಣದ ಯುವತಿಯರಿಗಾಗಿ ಕ್ರೈಸ್ತ ಸನ್ಯಾಸಿನಿಯರು ಅದನ್ನು ನಡೆಸುತ್ತಿದ್ದರು. ಅಲ್ಲಿನ ವಾರ್ಡನ್ ಸಿಸ್ಟರ್ ಲೂಸಿ ನಮ್ಮ ಸಂಘಕ್ಕೆ ಪತ್ರ ಬರೆದು, ತಮ್ಮಲ್ಲಿ ಕಾಸರಗೋಡಿನ ಕಡೆಯ ಒಬ್ಬ ಕನ್ನಡದ ಹುಡುಗಿ ಇದ್ದಾಳೆ, ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ ಎಂದಿದ್ದರು. ಯಾರಾದರೂ ಬಂದು ಪುಸ್ತಕ ಓದಿ ಹೇಳಿದರೆ ಮಾತ್ರ ಅವಳ ಓದು ಸಾಗುತ್ತಿತ್ತು. ಬರುವವರು ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಬೇಕಾಗಿದ್ದದ್ದು ಸ್ಕ್ರೀನ್ ರೀಡರ್ ಇರುವ ಕಂಪ್ಯೂಟರು. ಸ್ಕ್ರೀನ್ ರೀಡರ್ ಎಂದರೆ ಪರದೆಯ ಮೇಲಿರುವ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಸಾಫ್ಟ್‌ವೇರ್. ಆಗ ಅದರ ಬೆಲೆ ಕಂಪ್ಯೂಟರಿಗಿಂತ ಹೆಚ್ಚು. ಎರಡು ಕಂಪ್ಯೂಟರು ಕೊಡಿಸೋಣ ಎಂದು ಸಂಘ ನಿರ್ಧರಿಸಿತು.

ನಾನು ಬೆಳಗಿನ ರೈಲಿನಲ್ಲಿ ತಿರುವನಂತಪುರಕ್ಕೆ ಹೋಗಿ ಆ ಹುಡುಗಿಯನ್ನು ಕಂಡೆ. ಹೆಸರು ಶೈಲಜಾ. ಇಪ್ಪತ್ತು ದಾಟಿದವಳು, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ಚೂಡಿದಾರದ ಒಳಮಡಿಕೆಯಲ್ಲಿ ಸಣ್ಣ ಗುಂಡಿಯೊಂದನ್ನು ಹೊಲಿದುಕೊಂಡಿದ್ದಳು. ಕೇಳಿದ್ದಕ್ಕೆ, ಒಂದು ಗುಂಡಿ ಇದ್ದರೆ ಹಸಿರು, ಎರಡಿದ್ದರೆ ಕೆಂಪು ಎಂದಳು. ನನ್ನ ಸೀರೆಯ ಬಣ್ಣ ಯಾವುದೆಂದು ಕೇಳಿದಳು. ನವಿಲು ನೀಲಿ ಎಂದೆ. ಒಳ್ಳೆಯ ಬಣ್ಣ ಎಂಬಂತೆ ತಲೆಯಾಡಿಸಿದಳು.

ಕಾರ್ಯಕ್ರಮದ ಮಾತು ತೆಗೆದಾಗ ಮಾತ್ರ ಅವಳ ಮುಖ ಬಿಗಿಯಿತು. ಶಾಲೆಯಲ್ಲಿದ್ದಾಗ ಯಾವುದೋ ಸಂಸ್ಥೆಯವರು ಅವಳನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಮನೆಯ ಕಷ್ಟವನ್ನೆಲ್ಲ ಮೈಕಿನಲ್ಲಿ ಓದಿದ್ದರಂತೆ.

"ಆ ಫೋಟೋ ಪೇಪರಿನಲ್ಲಿ ಬಂತು ಅಕ್ಕ. ನಮ್ಮ ಊರಿನ ಹೋಟೆಲಿನ ಗೋಡೆಯಲ್ಲಿ ಅಂಟಿಸಿದ್ದಾರೆ. ನೋಡಿದವರೆಲ್ಲ ನಂಗೆ ಹೇಳುವುದು, ಪಾಪ, ಅಳುವ ಹಾಗೆ ಉಂಟು ಅಂತ. ನಾನು ಅತ್ತೇ ಇರಲಿಲ್ಲ" ಎಂದಳು. ಆಮೇಲೆ, "ಬೇರೆ ಏನು ಕೆಲಸ ಹೇಳಿದರೂ ಮಾಡ್ತೇನೆ. ಸ್ಟೇಜಿಗೆ ಮಾತ್ರ ಕರೀಬೇಡಿ. ಅದಕ್ಕೋಸ್ಕರ ಕಂಪ್ಯೂಟರ್ ಸಿಗದಿದ್ದರೆ ಬೇಡ" ಎಂದಳು.

ಕರೆಯುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಹಾಗಾದರೆ ಏನು ಮಾಡುವುದು? ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಊಟ ಮಾಡುವ ಆಲೋಚನೆ ಸಿಸ್ಟರ್ ಲೂಸಿಯವರದು. ದೊಡ್ಡ ಊರುಗಳಲ್ಲಿ ಮಾಡುತ್ತಾರೆಂದು ಅವರು ಎಲ್ಲೋ ಓದಿದ್ದರು. ಟಿಕೆಟ್ ಕೊಂಡವರು ಬಾಳೆಲೆಯ ಮುಂದೆ ಕಣ್ಣು ಕಟ್ಟಿಕೊಂಡು ಕೂರುವುದು, ಶೈಲಜಾ ಮತ್ತು ಅವಳ ಗೆಳತಿಯರು ಪಂಕ್ತಿಯಲ್ಲಿ ಓಡಾಡುತ್ತಾ ಕೈ ಹಿಡಿದು ದಾರಿ ತೋರಿಸುವುದು. ಶೈಲಜಾಗೆ ಇದು ತುಂಬ ಇಷ್ಟವಾಯಿತು. ನಾನು ಬ್ರಾಡ್‌ವೇ ಪೇಟೆಯಿಂದ ಕಪ್ಪು ಲೈನಿಂಗ್ ಬಟ್ಟೆ ತಂದು, ಎರಡು ಪದರ ಮಾಡಿ, ಎಲಾಸ್ಟಿಕ್ ಇಟ್ಟು ಪಟ್ಟಿಗಳನ್ನು ಹೊಲಿದೆ. ಮೊದಲನೆಯದನ್ನು ಮಗಳಿಗೆ ಕಟ್ಟಿ ನೋಡಿದೆ. ಕಾಣ್ತಿದೆಯಾ ಎಂದು ಕನ್ನಡದಲ್ಲಿ ಕೇಳಿದರೆ, ಅವಳು ಎಂದಿನಂತೆ ಮಲಯಾಳದಲ್ಲಿ, "ಇಲ್ಲಮ್ಮೇ, ಒನ್ನುಂ ಕಾಣುನ್ನಿಲ್ಲ", ಏನೂ ಕಾಣುತ್ತಿಲ್ಲ ಎಂದಳು.

ಕಾರ್ಯಕ್ರಮಕ್ಕೆ ಒಂದು ವಾರವಿದೆ ಎನ್ನುವಾಗ ಸಂಘದ ಅಧ್ಯಕ್ಷರಾದ ರಘುನಾಥರಾಯರು ಫೋನು ಮಾಡಿದರು. ಬೆಂಗಳೂರಿನವರು, ಬ್ಯಾಂಕಿನಲ್ಲಿ ದೊಡ್ಡ ಅಧಿಕಾರಿ. ಮುಖ್ಯ ಅತಿಥಿಯಾಗಿ ಬರುವ ಹೋಟೆಲ್ ಮಾಲೀಕರಾದ ಶೆಟ್ಟರು ಒಂದು ಕಂಪ್ಯೂಟರಿನ ಪೂರ್ತಿ ಖರ್ಚು ಕೊಡಲು ಒಪ್ಪಿದ್ದಾರೆಂದು ಸಂತೋಷದಿಂದ ಹೇಳಿದರು. ಒಂದೇ ಮಾತು: ತೀರಿಹೋದ ತಂದೆಯ ನೆನಪಿಗೆ ಕೊಡುತ್ತಿರುವುದರಿಂದ, ಚೆಕ್ಕನ್ನು ವೇದಿಕೆಯ ಮೇಲೆ ಆ ಹುಡುಗಿಯ ಕೈಗೇ ಕೊಡಬೇಕು, ಫೋಟೋ ಬೇಕು.

ನಾನು ಕೊಟ್ಟ ಮಾತನ್ನು ಹೇಳಿದೆ. ರಾಯರು ಸಿಟ್ಟಾಗಲಿಲ್ಲ. ಮಗುವಿಗೆ ತಿಳಿಹೇಳುವಂತೆ, "ಎರಡು ನಿಮಿಷದ ಕೆಲಸ ಮೇಡಂ. ಫೋಟೋ ತೆಗೆದಿದ್ದು ಅವಳಿಗೆ ಗೊತ್ತೂ ಆಗಲ್ಲ" ಎಂದರು.

ಅವರು ಕೆಟ್ಟವರಲ್ಲ. ಆದರೆ ಆ ಮಾತಿಗೆ ಹೂಂ ಅನ್ನಲಾಗದೆ, ಯೋಚಿಸುತ್ತೇನೆ ಎಂದು ಫೋನಿಟ್ಟೆ. ಮಾತು ಉಳಿಸಿಕೊಂಡರೆ ಒಂದು ಕಂಪ್ಯೂಟರು ಹೋಗುತ್ತದೆ. ಬಿಟ್ಟರೆ ಶೈಲಜಾ ಮತ್ತೆ ಯಾವುದೋ ಗೋಡೆಗೆ ಅಂಟಿಕೊಳ್ಳುತ್ತಾಳೆ. ಯಜಮಾನರನ್ನು ಕೇಳಿದೆ. "ಮೈಕ್ ಯಾರ ಕೈಲಿರತ್ತೆ?" ಎಂದರು. ನಿರೂಪಣೆ ನನ್ನದೇ ಆಗಿತ್ತು.

ಭಾನುವಾರ ಹುಡುಗಿಯರು ಸಿಸ್ಟರ್ ಜೊತೆ ರೈಲಿನಲ್ಲಿ ಬಂದರು. ಸಭಾಂಗಣದಲ್ಲಿ ಸಾಲಾಗಿ ಎಲೆ ಹಾಕಿತ್ತು. ನಮ್ಮ ಗಂಡಸರು ಪಂಚೆ ಉಟ್ಟು ಬಡಿಸಲು ನಿಂತಿದ್ದರು. ಕಾರ್ಯಕ್ರಮ ಗಂಭೀರವಾಗಿರಬೇಕೆಂದು ಕಮಿಟಿಯಲ್ಲಿ ನಾವೆಲ್ಲ ಸೇರಿ ಒಂದು ತೀರ್ಮಾನ ಮಾಡಿದ್ದೆವು: ಬಡಿಸುವವರು ಮಾತಾಡಕೂಡದು, ಸಣ್ಣಗೆ ವೀಣೆಯ ಕ್ಯಾಸೆಟ್ ಮಾತ್ರ. ಸಿಸ್ಟರ್ ಲೂಸಿಗೂ ಅದು ಸೊಗಸಾಗಿ ಕಂಡಿತ್ತು.

ಎಲ್ಲರೂ ಕಣ್ಣು ಕಟ್ಟಿಕೊಂಡರು. ಬಡಿಸುವುದು ಶುರುವಾಯಿತು. ಕೆಲವೇ ಕ್ಷಣಗಳಲ್ಲಿ ಏನೋ ಸರಿಯಿಲ್ಲ ಎಂದು ನನಗೆ ತಿಳಿಯಿತು. ಯಾರೂ ಊಟ ಮಾಡುತ್ತಿರಲಿಲ್ಲ. ಎಲೆಗೆ ಏನು ಬಿತ್ತು, ಎಲ್ಲಿ ಬಿತ್ತು, ಮುಂದೆ ಯಾರಿದ್ದಾರೆ, ಒಂದೂ ತಿಳಿಯದೆ ಕೈಗಳನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಮೈಸೂರಿನವರು ಪಲ್ಯವನ್ನು ಒಂದು ಕಡೆ ಬಡಿಸಿದರೆ ಮಂಗಳೂರಿನವರು ಇನ್ನೊಂದು ಕಡೆ ಬಡಿಸಿದ್ದರು. ಹುಡುಗಿಯರು ಕೈ ಹಿಡಿದು ತೋರಿಸಿದ ಜಾಗದಲ್ಲಿ ಹೇಳಿದ ಪದಾರ್ಥ ಇರಲಿಲ್ಲ. ಒಬ್ಬ ಹಿರಿಯರ ಬೆರಳು ಬಿಸಿ ಸಾರಿಗೆ ಬಿತ್ತು. ಇನ್ನೊಬ್ಬರು ಪಟ್ಟಿ ಕಿತ್ತು, ದೇವರೇ, ಇದೆಂಥ ನರಕ ಎಂದು ಕಣ್ಣೊರೆಸಿಕೊಂಡರು.

ಅವರನ್ನು ಸಮಾಧಾನ ಮಾಡುತ್ತಿದ್ದ ನನ್ನ ದನಿ ಹಿಡಿದು ಶೈಲಜಾ ಹತ್ತಿರ ಬಂದಳು. "ಇವರು ಹೆದರಿದ್ದಾರೆ ಅಕ್ಕ. ಹೀಗೇ ಎದ್ದು ಹೋದರೆ ನಮ್ಮದು ದಿನವೂ ಇದೇ ಕತೆ ಅಂತ ಅಂದುಕೊಳ್ತಾರೆ. ಇದು ಕಣ್ಣಿಲ್ಲದ್ದರ ತೊಂದರೆ ಅಲ್ಲ. ಬಡಿಸುವವರು ಮಾತಾಡದ್ದರ ತೊಂದರೆ."

ಅಷ್ಟರಲ್ಲಿ ಮೊದಲ ಸಾಲಿನಿಂದ ಶೆಟ್ಟರ ಗಟ್ಟಿ ದನಿ ಕೇಳಿಸಿತು. "ಇದೆಂತದು ಮಾರಾಯ್ರೆ, ಬಡಿಸುವವರಿಗೆ ಬಾಯಿಲ್ವಾ? ನನ್ನ ಹೋಟೆಲಿನಲ್ಲಿ ಹೀಗೆ ಮಾಡಿದ್ರೆ ಒಬ್ಬನೂ ಎರಡನೇ ಸಲ ಬರ್ಲಿಕ್ಕಿಲ್ಲ."

"ನಾನೂ ಅದನ್ನೇ ಹೇಳುದು ಅಂಕಲ್" ಎಂದಳು ಶೈಲಜಾ. ಪಟ್ಟಿ ಕಟ್ಟಿದ ಮುಖಗಳಲ್ಲಿ ಮೊದಲ ಸಲ ನಗು ಕಂಡಿತು.

ನಾನು ಕ್ಯಾಸೆಟ್ ನಿಲ್ಲಿಸಿದೆ. ನಮ್ಮಲ್ಲಿ ಮದುವೆಯಿರಲಿ, ಮುಂಜಿಯಿರಲಿ, ಬಡಿಸುವವರು ಕೂಗಿಕೊಂಡೇ ಬರುತ್ತಾರೆ. ಹುಟ್ಟಿದಾಗಿನಿಂದ ಕೇಳಿದ ಆ ಕೂಗನ್ನು ಕಣ್ಣು ಕಾಣದವರ ಹೆಸರಿನ ಊಟದಲ್ಲೇ ನಾವು ಮುಚ್ಚಿಸಿದ್ದೆವು. ಕೂಗಿಕೊಂಡೇ ಬಡಿಸಿ ಎಂದು ನಾನು ಮೈಕಿನಲ್ಲಿ ಹೇಳಿದ್ದೇ ತಡ, "ಪಲ್ಯ, ಪಲ್ಯ, ಎಡಗಡೆ ಮೇಲೆ ಪಲ್ಯ", "ಸಾರು ಬಂತು, ಬಿಸಿ ಉಂಟು, ಕೈ ತೆಗೀರಿ" ಎಂದು ಶುರುವಾಯಿತು. ಯಾರೋ ಹಪ್ಪಳ ಮುರಿದರು. ಯಾರೋ ಪಕ್ಕದವರ ಎಲೆಯ ಹೋಳಿಗೆಗೆ ಕೈ ಹಾಕಿ ಬೈಸಿಕೊಂಡರು. ಶೈಲಜಾ ಶೆಟ್ಟರ ಹಿಂದೆ ನಿಂತು, ಮಜ್ಜಿಗೆ ಲೋಟ ಬಲಗೈಯಿಂದ ಒಂದು ಗೇಣು ದೂರ ಎಂದು ಹೇಳಿಕೊಡುತ್ತಿದ್ದಳು. ಇಬ್ಬರೂ ಒಂದೇ ಸೀಮೆಯ ಮಾತಿನಲ್ಲಿ ಯಾವುದೋ ಮೀನಿನ ವಿಷಯಕ್ಕೆ ವಾದ ಮಾಡುತ್ತಿದ್ದರು.

ಮೊದಲ ಪಂಕ್ತಿಯ ಊಟ ಮುಗಿದು ಸಭೆ ಶುರುವಾಯಿತು. ಫೋಟೋದವನು ಕ್ಯಾಮೆರಾ ಎತ್ತಿ ನಿಂತ. ನಾನು ಮೈಕಿನಲ್ಲಿ, ಹಾಸ್ಟೆಲಿನ ಪರವಾಗಿ ದೇಣಿಗೆ ಸ್ವೀಕರಿಸಲು ಸಿಸ್ಟರ್ ಲೂಸಿಯವರು ಬರಬೇಕು ಎಂದೆ. ರಾಯರು ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ಆ ಹುಡುಗಿ ಎಲ್ಲಿ?" ಎಂದು ಶೆಟ್ಟರು ಕೇಳಿದರು.

"ಎರಡನೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದಾಳೆ. ಸ್ಟೇಜಿಗೆ ಬರೋಕೆ ಅವಳಿಗೆ ಇಷ್ಟವಿಲ್ಲ" ಎಂದೆ.

ಶೆಟ್ಟರು ಕೈಯಲ್ಲಿದ್ದ ಲಕೋಟೆಯನ್ನು ನೋಡಿದರು. ಅವರಿಗೆ ನೋವಾಗಿತ್ತು; ಸಿಟ್ಟಿಗಿಂತ ಅದೇ ಹೆಚ್ಚಾಗಿ ಕಾಣುತ್ತಿತ್ತು. ಲಕೋಟೆಯನ್ನು ಜುಬ್ಬದ ಜೇಬಿಗೆ ಹಾಕಿಕೊಂಡು, ಎಲ್ಲರಿಗೂ ಕೈಮುಗಿದು ಇಳಿದು ಹೋದರು. ಆ ಚೆಕ್ಕು ಆಮೇಲೂ ಬರಲಿಲ್ಲ. ರಾಯರು ತಿಂಗಳುಗಟ್ಟಲೆ ನನ್ನೊಡನೆ ನಮಸ್ಕಾರಕ್ಕಿಂತ ಹೆಚ್ಚು ಮಾತಾಡಲಿಲ್ಲ. ಟಿಕೆಟ್ಟಿನ ಹಣದಲ್ಲಿ ಒಂದು ಕಂಪ್ಯೂಟರು ಮಾತ್ರ ಆಯಿತು.

ಅದನ್ನು ಜೋಡಿಸಿದ ಮೇಲೆ ನಾನೊಬ್ಬಳೇ ತಿರುವನಂತಪುರಕ್ಕೆ ಹೋದೆ. ಎರಡು ಆಗಬೇಕಿತ್ತು, ಒಂದೇ ಆಯಿತು ಎಂದು ಶೈಲಜಾಗೆ ನಡೆದದ್ದನ್ನೆಲ್ಲ ಹೇಳಿದೆ. ಸಿಸ್ಟರ್ ಮೊದಲೇ ತಿಳಿಸಿದ್ದಾರೆ ಎಂದಳು. ಗೆಳತಿಯರ ಜೊತೆ ಸರದಿ ಮಾಡಿಕೊಂಡಿದ್ದಳು. ಅವಳ ಪಾಲಿಗೆ ಬೆಳಗಿನ ಜಾವದ ಹೊತ್ತು ಬಂದಿತ್ತು. "ಎರಡಿದ್ದಿದ್ದರೆ ಒಳ್ಳೆದಿತ್ತು ಅಕ್ಕ. ಸುಳ್ಳು ಹೇಳುದಿಲ್ಲ. ಆದ್ರೆ ಇದರ ಎದುರು ಕೂತಾಗ ನಂಗೆ ಯಾವ ಸ್ಟೇಜೂ ನೆನಪಾಗುದಿಲ್ಲ" ಎಂದಳು.

ಪಾಠ ತೆರೆದಳು. ಯಂತ್ರ ಇಂಗ್ಲಿಷಿನಲ್ಲಿ ಓದತೊಡಗಿತು, ಎಷ್ಟು ವೇಗವಾಗಿ ಎಂದರೆ ಕಾನ್ವೆಂಟಿನಲ್ಲಿ ಕಲಿತ ನನಗೆ ಒಂದು ಪದವೂ ಹಿಡಿಯಲಾಗಲಿಲ್ಲ. ಅವಳು ಮಾತ್ರ ಗಲ್ಲಕ್ಕೆ ಕೈಕೊಟ್ಟು ಆರಾಮವಾಗಿ ಕೇಳುತ್ತಿದ್ದಳು. ನನಗೆ ತಿಳಿಯುತ್ತಿಲ್ಲ ಎಂದು ನಾನು ಹೇಳಿರಲಿಲ್ಲ. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡ ಸದ್ದಿನಿಂದಲೇ ಅವಳಿಗೆ ಗೊತ್ತಾಗಿರಬೇಕು. ಬೆರಳನ್ನು ಕೀಬೋರ್ಡಿನ ಒಂದು ಕೀಲಿಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ನಿಮಗೆ ಸ್ವಲ್ಪ ನಿಧಾನ ಮಾಡ್ಬೇಕಾ ಅಕ್ಕ, ಅಥವಾ ಹೀಗೇ ಇರಲಿಯಾ?"

ಆಮೇಲೆ ಹಲವು ವರ್ಷ ಸಂಘದಲ್ಲಿ ಬೇರೆ ಬೇರೆ ಕೆಲಸ ಮಾಡಿದೆ. ಯಾರಿಗಾದರೂ ಏನನ್ನಾದರೂ ಮಾಡಲು ಹೊರಟಾಗ ಅವಳು ಕೇಳಿದಂತೆ, ಹೇಗಿರಬೇಕು ಎಂದು ಮೊದಲು ಕೇಳುತ್ತೇನೆ. ಉತ್ತರ ಬರುವವರೆಗೆ, ಅವಳು ಬೆರಳನ್ನು ಕೀಲಿಯ ಮೇಲಿಟ್ಟು ಕಾದಂತೆಯೇ ಕಾಯುತ್ತೇನೆ.